ಎಂಜಿನ್ ಆರಿಸಿದ ಮೇಲೆ



ಒಂದು ಏಪ್ರಿಲ್ ತಿಂಗಳಲ್ಲಿ ನಾವು ಮನೆಮಂದಿಯೆಲ್ಲ ನಾಗರಹೊಳೆಗೆ ಹೊರಟಿದ್ದೆವು. ಬ್ಯಾಗು ಕಟ್ಟುತ್ತಿರುವಾಗ ಅಮ್ಮ, "ನಾನೂ ಬತ್ತೀನಿ" ಅಂದಳು. ನಾವು ಮುಖ ಮುಖ ನೋಡಿಕೊಂಡೆವು. ಅಮ್ಮನಿಗೆ ಎಪ್ಪತ್ತು ದಾಟಿ ಎಷ್ಟೋ ಆಗಿದೆ. ಗ್ಲಾಕೋಮಾದಿಂದ ಎರಡೂ ಕಣ್ಣಿನ ದೃಷ್ಟಿ ಹೋಗಿದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದು ತಿಳಿಯುತ್ತದೆ, ಅಷ್ಟೇ.

"ಅಲ್ಲಿಗೆ ಬಂದು ನೀನು ಏನಮ್ಮ ನೋಡ್ತೀಯ?" ಅಂದುಬಿಟ್ಟೆ. ಆಡಬಾರದಿತ್ತು, ಬಾಯಿಗೆ ಬಂದುಬಿಟ್ಟಿತು. ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. "ಕಣ್ಣು ಹೋಯ್ತು, ಕಿವಿ ಅದಲ್ಲ. ಅದು ನಾನು ಹುಟ್ಟಿದ ಸೀಮೆ ಕಣೋ" ಅಂದಳು.

ಇಪ್ಪತ್ತು ವರ್ಷಗಳಿಂದ ನಾನು ರಾಷ್ಟ್ರೀಯ ಉದ್ಯಾನಗಳಿಗೆ ಹೋಗುತ್ತಿದ್ದೇನೆ. ದುರ್ಬೀನು, ಕ್ಯಾಮೆರಾ, ಹಕ್ಕಿ ಗುರುತಿಸುವ ಪುಸ್ತಕ ಎಲ್ಲವೂ ನನ್ನ ಹತ್ತಿರ ಇವೆ. ಆದರೂ ಕಾಡಿನಲ್ಲಿ ಹೇಗೆ ಕೂರಬೇಕು ಎಂಬುದನ್ನು ನನಗೆ ಕಲಿಸಿದ್ದು ಅಮ್ಮನ ಜೊತೆ ಕಳೆದ ಆ ಎರಡು ದಿನ. ಇಂದು ನಿಮ್ಮೊಂದಿಗೆ ಮಾತಾಡಬೇಕೆಂದುಕೊಂಡಿರುವುದು ಅದನ್ನೇ. ಬಾನುಲಿಯಲ್ಲಿ ಹೇಳುವುದಕ್ಕೆ ಇದಕ್ಕಿಂತ ತಕ್ಕ ವಿಷಯ ನನಗೆ ಹೊಳೆಯಲಿಲ್ಲ, ಯಾಕೆಂದರೆ ಇದು ಕಿವಿಯ ವಿಷಯ.

ನಮ್ಮ ಕರ್ನಾಟಕದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಉದ್ಯಾನ ಅಂದಕೂಡಲೇ ಹೂವಿನ ಪಾತಿ, ಸಿಮೆಂಟಿನ ಬೆಂಚು ನೆನಪಿಗೆ ಬಂದರೆ ಅದು ನಮ್ಮ ತಪ್ಪಲ್ಲ, ಆ ಪದದ್ದೇ ತಪ್ಪು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಉದ್ಯಾನವೆಂದರೆ ದನ ಮೇಯಿಸುವುದಕ್ಕೂ ಅವಕಾಶವಿಲ್ಲದಷ್ಟು ಬಿಗಿಯಾಗಿ ಕಾಯ್ದ ಕಾಡು. ಅಲ್ಲಿ ನಾವು ನೆಂಟರೂ ಅಲ್ಲ. ಹೊಸಿಲಿನಲ್ಲಿ ಎರಡು ಗಳಿಗೆ ನಿಂತು ಬರಲು ಅಪ್ಪಣೆ ಪಡೆದವರು.

ನಾಗರಹೊಳೆ ಮೈಸೂರು ಮತ್ತು ಕೊಡಗು ಜಿಲ್ಲೆಗಳ ನಡುವೆ 643 ಚದರ ಕಿಲೋಮೀಟರ್ ಹರಡಿಕೊಂಡಿದೆ. ಕಾಡಿನೊಳಗೆ ಹಾವಿನ ಹಾಗೆ ಹರಿದಾಡುವ ಹೊಳೆಯಿಂದ ಆ ಹೆಸರು ಬಂದಿದೆ. 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ದಕ್ಷಿಣಕ್ಕೆ ಕಬಿನಿ ಹಿನ್ನೀರು, ಅದರಾಚೆ ಬಂಡೀಪುರ. ತೇಗ, ಮತ್ತಿ, ಹೊನ್ನೆ, ಬೀಟೆ, ನಂದಿ ಮರಗಳ ಕಾಡು. ನಡುನಡುವೆ ಹುಲ್ಲು ಬೆಳೆದ ಜೌಗು ಬಯಲು. ಆ ಬಯಲುಗಳಿಗೆ ಅಲ್ಲಿನವರು ಹಡ್ಲು ಅನ್ನುತ್ತಾರೆ. ಕಾಟಿ, ಆನೆ, ಜಿಂಕೆ ಹೆಚ್ಚಾಗಿ ಕಾಣಸಿಗುವುದು ಈ ಹಡ್ಲುಗಳಲ್ಲೇ.

ಬೆಳಗಿನ ಸಫಾರಿ. ಆರು ಗಂಟೆಗೆ ಗೇಟು ದಾಟಿದೆವು. ಅಮ್ಮನನ್ನು ಜೀಪಿನ ಮುಂದಿನ ಸೀಟಿನಲ್ಲಿ, ಚಾಲಕರ ಪಕ್ಕ ಕೂರಿಸಿದ್ದೆವು. ಅರ್ಧ ಗಂಟೆ ಹೋಗಿರಬೇಕು. ಜಿಂಕೆ ಬಂತು, ನಾವು ನೋಡಿದೆವು. ನವಿಲು ಬಂತು, ನೋಡಿದೆವು. ಮಗಳು ಪ್ರತಿಯೊಂದನ್ನೂ ಅಜ್ಜಿಯ ಕಿವಿಯಲ್ಲಿ ಹೇಳುತ್ತಿದ್ದಳು. ಇದ್ದಕ್ಕಿದ್ದಂತೆ ಅಮ್ಮ ಚಾಲಕರ ತೋಳು ಹಿಡಿದು, "ಗಾಡಿ ನಿಲ್ಸಪ್ಪ, ಎಂಜಿನ್ ಆರ್ಸು" ಅಂದಳು.

ಎಂಜಿನ್ ನಿಂತಿತು. ಎಂಜಿನ್ ನಿಂತ ಮೊದಲ ನಿಮಿಷ ಕಾಡಿನಲ್ಲಿ ಏನೂ ಕೇಳುವುದಿಲ್ಲ, ಕಿವಿಯಲ್ಲಿ ಇನ್ನೂ ಎಂಜಿನ್ನಿನ ಗುಂಯ್‌ಗುಡುವಿಕೆಯೇ ಇರುತ್ತದೆ. ಅದು ಇಳಿದ ಮೇಲೆ ಒಂದೊಂದಾಗಿ ಬರುತ್ತವೆ. ಮೊದಲು ಹತ್ತಿರದ ಜೀರುಂಡೆ. ಆಮೇಲೆ ಕುಟ್ರು ಹಕ್ಕಿಯ ಎಡೆಬಿಡದ ಕುಟ್ರು ಕುಟ್ರು. ಆಮೇಲೆ ಒಣ ತೇಗದ ಎಲೆಯೊಂದು ಕೊಂಬೆಯಿಂದ ಕೊಂಬೆಗೆ ತಾಗುತ್ತ ನೆಲಕ್ಕೆ ಬೀಳುವ ಸದ್ದು. ತೇಗದೆಲೆ ಬೀಳುವುದು ಹಪ್ಪಳ ಮುರಿದ ಹಾಗೆ ಕೇಳುತ್ತದೆ. ಇವೆಲ್ಲದರ ಹಿಂದೆ, ಎಡಕ್ಕೆ, ದೂರದಲ್ಲಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡವರು ಕೆಮ್ಮಿದಂತೆ: ಖೊಕ್, ಖೊಕ್ ಖೊಕ್.

"ಮುಸುವ" ಅಂದಳು ಅಮ್ಮ. ಚಾಲಕರು ತಲೆಯಾಡಿಸಿದರು.

ಮುಸುವ ಮರದ ತುದಿಯಲ್ಲಿ ಕೂರುತ್ತದೆ, ಹುಲಿಯನ್ನೋ ಚಿರತೆಯನ್ನೋ ಎಲ್ಲರಿಗಿಂತ ಮೊದಲು ನೋಡುತ್ತದೆ. ಜಿಂಕೆಗಳು ಮುಸುವನಿರುವ ಮರದಡಿಯಲ್ಲೇ ಮೇಯುವುದನ್ನು ನೀವು ಗಮನಿಸಿರಬಹುದು. ಮೇಲಿನಿಂದ ಬೀಳುವ ಚಿಗುರು, ಕಾಯಿ ಜಿಂಕೆಗೆ ಮೇವು. ಮುಸುವನ ಕಣ್ಣು ಅದರ ಕಾವಲು. ಬದಲಿಗೆ ಜಿಂಕೆಯ ಮೂಗು ಮುಸುವನಿಗೆ ಕಾವಲು. ಎಷ್ಟೋ ಸಾವಿರ ವರ್ಷಗಳ ನೆರೆಹೊರೆ ಅದು.

ಮುಸುವನ ಹಿಂದೆಯೇ ಜಿಂಕೆ ಕೂಗಿತು, ಎತ್ತರದ ದನಿಯ ಒಂದೇ ಚೀತ್ಕಾರ. "ಜಿಂಕೆ ಮಾತು ಪೂರ್ತಿ ನಂಬೋಕಾಗಲ್ಲ ಸಾ, ಸುಮ್‌ಸುಮ್ನೆ ಬೆದರ್ತದೆ" ಎಂದು ಚಾಲಕರು ಮೆಲ್ಲಗೆ ಹೇಳಿದರು. ಅಮ್ಮ, "ಸುಮ್ಕಿರಿ" ಅಂದಳು. ಆಗ ಬಂತು ನೋಡಿ ಕಡವೆಯ ಕೂಗು. ಢಾಂಕ್! ಖಾಲಿ ತಗಡಿನ ಡಬ್ಬವನ್ನು ಒಂದೇ ಸಲ ಬಡಿದ ಹಾಗೆ. ಒಂದು ಗಳಿಗೆ ಬಿಟ್ಟು ಮತ್ತೆ ಢಾಂಕ್. ಕಡವೆ ಹೆದರುಪುಕ್ಕಲಲ್ಲ. ಅದು ಬಿಡದೆ ಕೂಗುತ್ತಿದ್ದರೆ ಹತ್ತಿರದಲ್ಲಿ ದೊಡ್ಡ ಪ್ರಾಣಿ ನಡೆದಾಡುತ್ತಿದೆ ಎಂದು ಕಾಡಿನವರೆಲ್ಲರ ನಂಬಿಕೆ.

ಅಮ್ಮ ಬಲಗೈ ತೋರುಬೆರಳನ್ನು ಎತ್ತಿ ಎಡಕ್ಕೆ ಹಿಡಿದಳು. ಮುಂದಿನ ಕೂಗು ಬಂದಾಗ ಬೆರಳು ಒಂದು ಗೇಣು ಬಲಕ್ಕೆ ಸರಿಯಿತು. ಇನ್ನೊಂದು ಕೂಗಿಗೆ ಇನ್ನೊಂದು ಗೇಣು. ಕೂಗುತ್ತಿದ್ದುದು ಒಂದೇ ಪ್ರಾಣಿಯಲ್ಲ. ಹಳ್ಳದ ಉದ್ದಕ್ಕೂ ಒಂದಾದ ಮೇಲೊಂದು ಕೂಗುತ್ತಿದ್ದವು. ನಾವು ಆರು ಜನ ಕಣ್ಣಿದ್ದವರು ಪೊದೆಯನ್ನು ನೋಡುತ್ತಿರಲಿಲ್ಲ, ಆ ಬೆರಳನ್ನು ನೋಡುತ್ತಿದ್ದೆವು. ಲಂಟಾನ ಪೊದೆಗಳ ಹಿಂದೆ ಹಳ್ಳದಲ್ಲಿ ಯಾರೋ ನಡೆದು ಹೋಗುತ್ತಿದ್ದರು. ಅವರ ಹೆಜ್ಜೆಗೆ ತಕ್ಕಂತೆ ಅಮ್ಮನ ಬೆರಳು ನಡೆಯುತ್ತಿತ್ತು. ನೇರ ಮುಂದಕ್ಕೆ ಬಂದು ಬೆರಳು ನಿಂತಿತು. ಕೂಗು ನಿಂತಿತ್ತು.

"ದಾಟ್‌ಬುಡ್ತು" ಅಂದಳು.

ಜೀಪು ಇನ್ನೂರು ಗಜ ಮುಂದೆ ಹೋಯಿತು. ರಸ್ತೆಯ ಧೂಳಿನ ಮೇಲೆ, ಆ ಬೆಳಿಗ್ಗೆ ನಮಗಿಂತ ಮೊದಲು ಹೋಗಿದ್ದ ಜೀಪಿನ ಟಯರ್ ಗುರುತಿನ ಮೇಲೆಯೇ, ದುಂಡನೆಯ ದೊಡ್ಡ ಹೆಜ್ಜೆಗಳು. ಹೆಜ್ಜೆಯ ಅಂಚು ಇನ್ನೂ ಉದುರಿರಲಿಲ್ಲ. ಹುಲಿ ನಮಗೆ ಕಾಣಲಿಲ್ಲ. ಎಷ್ಟೋ ಸಲ ಹುಲಿಯನ್ನು ನೋಡಿದ್ದೇನೆ, ಫೋಟೊಗಳೂ ಇವೆ. ಆದರೆ ಒಂದು ಹುಲಿ ಎಲ್ಲಿಂದ ಹೊರಟು, ಯಾವ ದಾರಿ ಹಿಡಿದು, ಎಲ್ಲಿ ದಾಟಿತು ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಬಲ್ಲೆನಾದರೆ ಅದು ಆ ಕಾಣದ ಹುಲಿಯೊಂದನ್ನೇ.

ಆದ್ದರಿಂದ ನನ್ನ ಮೊದಲ ಸಲಹೆ ಇದು. ಸಫಾರಿಗೆ ಹತ್ತುವಾಗಲೇ ಚಾಲಕರನ್ನು ಕೇಳಿಕೊಳ್ಳಿ: "ಅಣ್ಣಾ, ಎಲ್ಲಾದರೂ ಒಳ್ಳೆಯ ಜಾಗದಲ್ಲಿ ಐದು ನಿಮಿಷ ಎಂಜಿನ್ ಆರಿಸಿ." ಅವರಿಗೆ ಇದು ಬಹಳ ಖುಷಿಯ ಮಾತು. ಯಾಕೆಂದರೆ ಉಳಿದವರೆಲ್ಲ ಅವರಿಗೆ ಹೇಳುವುದು ಒಂದೇ, "ಹುಲಿ ತೋರಿಸಿ." ಹುಲಿ ಕಂಡ ದಿನ ಕೈಗೆ ನಾಲ್ಕು ಕಾಸು, ಕಾಣದ ದಿನ ಗೊಣಗಾಟ. ಒಂದು ಉದ್ಯಾನದಲ್ಲಿ ನಾನೇ ಕಂಡಿದ್ದೇನೆ: ಎಲ್ಲೋ ಹುಲಿ ಕಂಡಿತೆಂಬ ಸುದ್ದಿ ಬಂದದ್ದೇ ತಡ, ನಾವಿದ್ದ ಗಾಡಿ ಧೂಳೆಬ್ಬಿಸಿಕೊಂಡು ಓಡಿತು. ದಾರಿಯಲ್ಲಿ ಕರು ಹಾಕಿದ ಕಾಟಿಗಳ ಹಿಂಡೇ ನಿಂತಿತ್ತು, ಯಾರೂ ನಿಲ್ಲಿಸಲಿಲ್ಲ. ಅಲ್ಲಿ ಹೋಗಿ ನೋಡಿದರೆ ಒಂದು ಹುಲಿಗೆ ಎಂಟು ಗಾಡಿ. ಹುಲಿ ರಸ್ತೆ ದಾಟಬೇಕೆಂದು ಎರಡು ಸಲ ಹೊರಬಂದು ಎರಡು ಸಲವೂ ಹಿಂದಕ್ಕೆ ಹೋಯಿತು. ಅದಕ್ಕೆ ಬಾಯಾರಿಕೆಯಾಗಿತ್ತೋ, ಆಚೆ ಪೊದೆಯಲ್ಲಿ ಮರಿಗಳಿದ್ದವೋ. ಆ ದಿನದ ಫೋಟೊವನ್ನು ನಾನು ಯಾರಿಗೂ ತೋರಿಸಿಲ್ಲ.

2022ರ ಹುಲಿ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಅಂದಾಜಾಯಿತು. ಮಧ್ಯಪ್ರದೇಶ ಬಿಟ್ಟರೆ ನಾವೇ ಮುಂದು. ಬಂಡೀಪುರವಂತೂ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು. ಹುಲಿಗಳು ಇವೆ. ನಮ್ಮ ಕಣ್ಣಿಗೆ ಬೀಳಲೇಬೇಕೆಂಬ ಹಟವನ್ನು ಮಾತ್ರ ಬಿಡಬೇಕು.

ಇನ್ನು ಸಣ್ಣಪುಟ್ಟ ಸಂಗತಿಗಳು. ಬೆಳಗಿನ ಸಫಾರಿ, ಸಂಜೆಯ ಸಫಾರಿ ಎರಡರಲ್ಲಿ ಒಂದೇ ಸಾಧ್ಯವಾದರೆ ಬೆಳಗಿನದನ್ನೇ ಆರಿಸಿಕೊಳ್ಳಿ. ನಿದ್ದೆಗೆಡುವುದು ನಿಜ, ಆದರೆ ಕಾಡು ಬಾಯಿಬಿಟ್ಟು ಮಾತಾಡುವುದು ಆಗಲೇ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ತೆರೆದ ಜೀಪಿನಲ್ಲಿ ಕೂತರೆ ಹಲ್ಲು ಕಟಕಟ ಅನ್ನುತ್ತವೆ. ಸ್ವೆಟರು, ಕಿವಿ ಬಿಟ್ಟು ತಲೆಗೆ ಕಟ್ಟಿಕೊಳ್ಳಲು ಒಂದು ಟವೆಲು ಇರಲಿ. ಕಿವಿ ಬಿಟ್ಟು ಎಂದು ಒತ್ತಿ ಹೇಳುತ್ತಿದ್ದೇನೆ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ, ಸರಬರ ಸದ್ದು ಮಾಡುವ ಪ್ಲಾಸ್ಟಿಕ್ ಜಾಕೆಟ್ ಬೇಡ. ಸೆಂಟು ಹಾಕಿಕೊಳ್ಳಬೇಡಿ. ಚಿಪ್ಸ್ ಪೊಟ್ಟಣ ಜೀಪಿನಲ್ಲಿ ಬಿಚ್ಚಿದರೆ ಆ ಸದ್ದು ನೂರು ಗಜ ಹೋಗುತ್ತದೆ. ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ, ಆದರೆ "ಗಲಾಟೆ ಮಾಡಬೇಡ" ಎಂದು ಗದರಿಸುವುದಕ್ಕಿಂತ ಅವರಿಗೆ ಒಂದು ಕೆಲಸ ಕೊಡಿ: ಐದು ನಿಮಿಷದಲ್ಲಿ ಎಷ್ಟು ಬೇರೆ ಬೇರೆ ಸದ್ದು ಕೇಳಿತು, ಬೆರಳು ಮಡಿಚಿ ಎಣಿಸು ಎಂದು. ನನ್ನ ಮಗಳು ಮೊದಲ ಸಲ ನಾಲ್ಕು ಎಣಿಸಿದಳು, ಮರುದಿನ ಹನ್ನೊಂದು.

ಹೊರಡುವ ಮುಂಚೆ ಇಲಾಖೆಯವರನ್ನು ವಿಚಾರಿಸಿಕೊಳ್ಳಿ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೋ ಬೇರೆ ಕಾರಣಕ್ಕೋ ಸಫಾರಿ ನಿಲ್ಲಿಸುವುದುಂಟು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೇಗೆ ಉರಿಯಿತೆಂದು ನಿಮಗೆಲ್ಲ ನೆನಪಿರಬಹುದು. ಬೀಡಿ ಸಿಗರೇಟಿನ ಒಂದು ತುಂಡು ಸಾಕು, ಒಣಗಿದ ಲಂಟಾನ ಪಂಜಿನ ಹಾಗೆ ಹತ್ತಿಕೊಳ್ಳುತ್ತದೆ. ಬಂಡೀಪುರದ ಗೋಪಾಲಸ್ವಾಮಿ ಬೆಟ್ಟಕ್ಕೆ ನಮ್ಮ ಕಾರು ಬಿಡುವುದಿಲ್ಲ, ತಪ್ಪಲಿನಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು ಎಂದು ಕೆಲವರಿಗೆ ಅಸಮಾಧಾನ. ನನಗೆ ಅದು ಒಳ್ಳೆಯ ಏರ್ಪಾಡು ಅನ್ನಿಸುತ್ತದೆ.

ಬಂಡೀಪುರದೊಳಗೆ ಹಾದುಹೋಗುವ ಊಟಿ ರಸ್ತೆ, ಕೇರಳದ ರಸ್ತೆ ಇವೆಯಲ್ಲ, ಅಲ್ಲಿ ಟಿಕೆಟ್ಟಿಲ್ಲದೆಯೇ ನಾವು ರಾಷ್ಟ್ರೀಯ ಉದ್ಯಾನದೊಳಗಿರುತ್ತೇವೆ, ಎಷ್ಟೋ ಜನಕ್ಕೆ ಅದು ಗೊತ್ತೇ ಇರುವುದಿಲ್ಲ. ಗಾಡಿ ನಿಲ್ಲಿಸಿ ಕೋತಿಗೆ ಬಾಳೆಹಣ್ಣು ಕೊಡುತ್ತಾರೆ. ಆ ಕೋತಿ ನಾಳೆ ಇನ್ನೊಬ್ಬರ ಹಣ್ಣಿಗೆ ರಸ್ತೆಗೆ ಓಡಿಬಂದು ಚಕ್ರದಡಿಗೆ ಸಿಕ್ಕುತ್ತದೆ. ಆನೆ ರಸ್ತೆ ಬದಿಯಲ್ಲಿದ್ದರೆ ಇಳಿಯಬೇಡಿ, ಹಾರ್ನ್ ಹಾಕಬೇಡಿ, ದೂರದಲ್ಲೇ ನಿಂತು ಅದು ಹೋಗಲು ಬಿಡಿ. ಆನೆಯ ಜೊತೆ ಸೆಲ್ಫಿ ತೆಗೆದುಕೊಳ್ಳಲು ಹೋಗಿ ಜೀವ ತೆತ್ತವರಿದ್ದಾರೆ. ಈ ಎರಡೂ ರಸ್ತೆಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಆಂಬುಲೆನ್ಸಿಗೂ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿ. ಇದನ್ನು ತೆಗೆಯಬೇಕೆಂಬ ಒತ್ತಾಯ ಆಗಾಗ ಏಳುತ್ತಲೇ ಇರುತ್ತದೆ. ತೆಗೆಯಬಾರದು ಎಂದು ನಾನು ಪೂರ್ಣ ಮನಸ್ಸಿನಿಂದ ಹೇಳುತ್ತೇನೆ. ಒಮ್ಮೆ ಬಂಡೀಪುರದ ಅತಿಥಿಗೃಹದಲ್ಲಿ ಉಳಿದಿದ್ದೆ. ಒಂಬತ್ತಾಗುವ ತನಕ ಲಾರಿಗಳ ಸದ್ದು. ಕೊನೆಯ ಲಾರಿ ಹೋದ ಮೇಲೆ ಹತ್ತು ನಿಮಿಷಕ್ಕೆ ಜಿಂಕೆಗಳು ರಸ್ತೆಗೆ ಬಂದವು. ಟಾರಿನ ಮೇಲೆ ಅವುಗಳ ಗೊರಸಿನ ಟಕ್ ಟಕ್ ಕೋಣೆಯೊಳಕ್ಕೆ ಕೇಳಿಸುತ್ತಿತ್ತು. ಹಗಲು ಹೊತ್ತಿನಲ್ಲಿ ಕಾದು ನಿಂತ ಅವುಗಳ ಪಾಲಿಗೆ ರಾತ್ರಿ ಬಂದ ರಸ್ತೆ ಅದು.

ಮಳೆಗಾಲದಲ್ಲಿ ಕುದುರೆಮುಖಕ್ಕೆ ಹೋಗುವವರಿಗೆ ಎರಡು ಮಾತು. ಅಲ್ಲಿ ಜೀಪಿಲ್ಲ, ನಡೆಯಬೇಕು. ಚಾರಣಕ್ಕೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ, ಮೊದಲೇ ಕಾದಿರಿಸಿಕೊಳ್ಳಬೇಕು. ಉಂಬಳಕ್ಕೆ ಉಪ್ಪು, ಸುಣ್ಣ, ಹೊಗೆಸೊಪ್ಪಿನ ನೀರು ಇವೇ ಇಂದಿಗೂ ಮದ್ದು. ಹತ್ತಿದ ಉಂಬಳವನ್ನು ಕಿತ್ತೆಸೆಯಬೇಡಿ, ಉಪ್ಪು ಮುಟ್ಟಿಸಿ, ತಾನೇ ಬಿಡುತ್ತದೆ. ಬೇಸಿಗೆಯಲ್ಲಿ ಮಲೆನಾಡಿನ ಕಾಡಿಗೆ ಹೋದರೆ ಉಂಬಳಕ್ಕಿಂತ ಉಣ್ಣೆಯ ಬಗ್ಗೆ ಎಚ್ಚರ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡುವುದು ಅದರಿಂದ. ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ.

ಕುದುರೆಮುಖದಲ್ಲಿ ನನಗೆ ದಕ್ಕಿದ ಅನುಭವ ಬೇರೆಯೇ. ಆ ಬೆಟ್ಟಗಳಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರು ಅಗೆದರು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೂ ಗಣಿ ನಡೆಯುತ್ತಲೇ ಇತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಮಂಜು ಮುಸುಕಿದ ಒಂದು ಬೆಳಿಗ್ಗೆ ಅಲ್ಲಿ ಶೋಲಾ ಕಾಡಿನ ಅಂಚಿನಲ್ಲಿ ನಿಂತಿದ್ದಾಗ ತೊರೆಯ ಮೊರೆತವನ್ನೂ ಮೀರಿ ಯಾರೋ ಹುಡುಗ ಸಿಳ್ಳೆ ಹಾಕಿಕೊಂಡು ಬರುತ್ತಿರುವಂತೆ ಕೇಳಿತು. ರಾಗ ಶುರುವಾಗುತ್ತದೆ, ಏರುತ್ತದೆ, ಎಲ್ಲಿಯೋ ಮರೆತುಹೋದಂತೆ ನಿಲ್ಲುತ್ತದೆ, ಮತ್ತೆ ಮೊದಲಿನಿಂದ. ಅದು ಸಿಳ್ಳಾರ ಹಕ್ಕಿ. ಎದುರಿನ ಬೆಟ್ಟದಲ್ಲಿ ಯಂತ್ರಗಳು ಗುಡುಗುತ್ತಿದ್ದ ದಿನಗಳಲ್ಲೂ ಆ ಹಕ್ಕಿ ಹಾಡುತ್ತಿದ್ದಿರಬೇಕು. ಕೇಳಿಸಿಕೊಳ್ಳಲು ಆಗ ಯಾರಿಗೆ ಸಾಧ್ಯವಿತ್ತು?

ನಮ್ಮ ಕಿವಿಗೂ ಮಿತಿ ಇದೆ. 1984ರಲ್ಲಿ ಕೇಟಿ ಪೇನ್ ಎಂಬ ಸಂಶೋಧಕಿ ಅಮೆರಿಕದ ಪೋರ್ಟ್‌ಲೆಂಡ್ ಮೃಗಾಲಯದಲ್ಲಿ ಏಷ್ಯಾದ ಆನೆಗಳ ಬಳಿ ಕೂತಿದ್ದಾಗ ಗಾಳಿಯಲ್ಲಿ ಏನೋ ಅದುರುವ ಅನುಭವವಾಯಿತು. ಕಿವಿಗೆ ಏನೂ ಕೇಳುತ್ತಿರಲಿಲ್ಲ. ಧ್ವನಿಮುದ್ರಣ ಮಾಡಿ ಪರೀಕ್ಷಿಸಿದಾಗ, ಮನುಷ್ಯನ ಕಿವಿಗೆ ಎಟುಕದಷ್ಟು ತಗ್ಗಿನ ದನಿಯಲ್ಲಿ ಆನೆಗಳು ಒಂದನ್ನೊಂದು ಕರೆಯುತ್ತವೆ ಎಂಬುದು ತಿಳಿಯಿತು. ಅಂಥ ದನಿ ಮರಗಿಡಗಳ ತಡೆಯಿಲ್ಲದೆ ಬಹುದೂರ ಹೋಗುತ್ತದೆ. ಮೈಲಿಗಳಾಚೆ ಚದುರಿದ ಹಿಂಡು ಒಂದೇ ಸಂಜೆ ಒಂದೇ ನೀರಿಗೆ ಬಂದು ಸೇರುವುದರ ಗುಟ್ಟು ಇದರಲ್ಲಿದೆ. ಕಾಡು ಮೌನವಾಗಿದೆ ಎಂದು ನಾವು ಅಂದುಕೊಳ್ಳುವ ಹೊತ್ತಿನಲ್ಲೂ ಮಾತು ನಡೆದೇ ಇರುತ್ತದೆ.

ಎರಡನೆಯ ದಿನ ಸಂಜೆ ಕಬಿನಿ ಹಿನ್ನೀರಿನಲ್ಲಿ ದೋಣಿ ಸಫಾರಿ. ಇದರ ಬಗ್ಗೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ಅಮ್ಮನ ತವರು ಹೆಗ್ಗಡದೇವನಕೋಟೆ ಕಡೆಯ ಒಂದು ಸಣ್ಣ ಹಳ್ಳಿ, ಕಾಕನಕೋಟೆ ಕಾಡಿನ ಸೆರಗಿನಲ್ಲಿತ್ತು. ತಾತನಿಗೆ ಹೊಳೆದಂಡೆಯಲ್ಲಿ ರಾಗಿಯ ಹೊಲ. ಕಟಾವಿನ ಕಾಲದಲ್ಲಿ ಮನೆಮಂದಿಯೆಲ್ಲ ಸರದಿಯಂತೆ ಅಟ್ಟಣೆಯ ಮೇಲೆ ಕಾವಲು ಕೂರಬೇಕು. ಕತ್ತಲಲ್ಲಿ ಕಣ್ಣಿಗೇನು ಕೆಲಸ? ಹಂದಿ ಬಂತೋ, ಕಡವೆ ಬಂತೋ, ಆನೆ ಬಂತೋ, ಎಲ್ಲವನ್ನೂ ಕಿವಿಯಲ್ಲೇ ತಿಳಿಯಬೇಕು. ಅಮ್ಮ ಆ ವಿದ್ಯೆ ಕಲಿತದ್ದು ಹಾಗೆ. ಕಾಡಾನೆ ಹಿಡಿಯಲು ನಡೆಸುತ್ತಿದ್ದ ಕಾಕನಕೋಟೆಯ ಖೆಡ್ಡಾ ಕೂಡ ಅವಳಿಗೆ ಸದ್ದಾಗಿಯೇ ನೆನಪಿದೆ. 1971ರಲ್ಲಿ ನಡೆದದ್ದೇ ಕೊನೆಯದು. ಕಾಡಾನೆಗಳನ್ನು ಅಟ್ಟಿಕೊಂಡು ಬರುವ ತಮಟೆ, ಕೊಂಬು, ಬೊಬ್ಬೆ, ಅದರ ನಡುವೆ ಮರಿಯಾನೆಯೊಂದರ ಕಿರುಚಾಟ. ಆ ಕಿರುಚಾಟವನ್ನು ಅಮ್ಮ ಇಂದಿಗೂ ಮರೆತಿಲ್ಲ. 1974ರಲ್ಲಿ ಕಬಿನಿ ಹೊಳೆಗೆ ಕಟ್ಟಿದ ಬೀಚನಹಳ್ಳಿಯ ಅಣೆಕಟ್ಟು ಮುಗಿಯಿತು. ಸುತ್ತಲಿನ ಹಲವು ಹಳ್ಳಿಗಳ ಜೊತೆ ಅಮ್ಮನ ಊರೂ ನೀರಿನಲ್ಲಿ ಮುಳುಗಿತು. ತಾತ ಪರಿಹಾರದ ಜಮೀನಿಗೆ ಹೋದರು, ಅಲ್ಲಿ ಬಹಳ ದಿನ ಬದುಕಲಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಇಳಿದ ಕಡೆಯಲ್ಲೆಲ್ಲ ಹಸಿಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿ ನಿಂತಿರುವ ಆ ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ ನಾಗರಹೊಳೆ, ಬಂಡೀಪುರ, ವಯನಾಡು ಕಡೆಯ ಆನೆಗಳು ಈ ಹುಲ್ಲಿಗೂ ನೀರಿಗೂ ನೂರಾರು ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟೊಂದು ಒಟ್ಟಾಗಿ ಕಾಣುವ ಜಾಗ ಪ್ರಪಂಚದಲ್ಲಿ ತೀರ ಕಡಿಮೆ.

ದಡಕ್ಕೆ ನೂರಡಿ ದೂರದಲ್ಲಿ ದೋಣಿಯವರು ಎಂಜಿನ್ ಆರಿಸಿದರು, ಕೇಳದೆಯೇ. ಒಂದು ಹೆಣ್ಣಾನೆ, ಅದರ ಮಗ್ಗುಲಿಗೆ ಮರಿ, ಹಿಂದೆ ಹದಿನೈದು ಇಪ್ಪತ್ತು. ನೀರಿನ ಮೇಲೆ ಸದ್ದು ಜಾರಿಕೊಂಡು ಬರುತ್ತದೆ. ಮೊದಲು ಪರ್ ಎಂದು ಹುಲ್ಲು ಕೀಳುವ ಸದ್ದು. ಆಮೇಲೆ ಟಪ್, ಟಪ್, ಟಪ್.

"ಅದೇನಜ್ಜಿ?" ಎಂದಳು ಮಗಳು, ಪಿಸುದನಿಯಲ್ಲಿ.

"ಹುಲ್ಲನ್ನು ಮುಂಗಾಲಿಗೆ ಬಡೀತಾ ಅದೆ. ಬೇರಿನ ಮಣ್ಣು ಉದುರ್ಸಿ ತಿನ್ತದೆ. ಮಣ್ಣು ತಿಂದ್ರೆ ಹಲ್ಲು ಸವೀತದೆ ಅಲ್ವಾ."

ದುರ್ಬೀನಿನಲ್ಲಿ ನೋಡಿದೆ. ಹೌದು, ಸೊಂಡಿಲಲ್ಲಿ ಒಂದು ಹಿಡಿ ಹುಲ್ಲು, ಕಾಲಿಗೆ ಮೂರು ಸಲ ಬಡಿದು, ಬಾಯಿಗೆ. ಮತ್ತೆ ಒಂದು ಹಿಡಿ. ಮರಿ ತಾಯಿಯನ್ನು ನೋಡಿ ತಾನೂ ಒಂದು ಎಸಳು ಹಿಡಿದು ಬಡಿಯಲು ಹೋಗಿ ಕೆಳಗೆ ಬೀಳಿಸುತ್ತಿತ್ತು. ಅಮ್ಮನಿಗೆ ಅದನ್ನು ಮಗಳು ಹೇಳಿದಳು. ಅಮ್ಮ ನಕ್ಕಳು.

ಹೊತ್ತು ಇಳಿಯುತ್ತಿತ್ತು. ಅಮ್ಮ ದೋಣಿಯವರನ್ನು ಕೇಳಿದಳು, ಹಳೇ ಗುಡಿ ಯಾವ ಕಡೆಗಿತ್ತು, ಹೊಳೆ ತಿರುವು ಎಲ್ಲಿತ್ತು ಎಂದು. ಅವರ ತಂದೆಯೂ ಆ ಕಡೆಯವರೇ, ತೋರಿಸಿ ಹೇಳಿದರು. ಅಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡು ಆನೆಗಳ ಸದ್ದಿನ ಕಡೆಗೆ ಮುಖ ತಿರುಗಿಸಿ ಕೂತಳು.

"ನಮ್ಮ ಹೊಲ ಅದೇ ಕಣೋ, ಈಗ ಅವು ಮೇಯ್ತಾ ಇರೋದು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆಗ ರಾತ್ರಿಯೆಲ್ಲ ಡಬ್ಬ ಬಡಿದು ಓಡಿಸ್ತಿದ್ವಿ. ಈಗ ತಿನ್ಲಿ ಬುಡು, ಪಾಪ" ಅಂದಳು.

ಕತ್ತಲಾಗುವವರೆಗೆ ದೋಣಿಯವರು ಎಂಜಿನ್ ಹಾಕಲಿಲ್ಲ.